ಮುಂದಿನ ಎಡ ಚಕ್ರ

ಕೊಳ್ಳುವವನಿಗೆ ಕಣ್ಣಿಲ್ಲ, ಮಾರುವವನ ನಾಲಿಗೆಗೆ ಎಲುಬಿಲ್ಲ ಎನ್ನುವುದು ಮೇಷ್ಟ್ರ ಮಾತು. ಇವರಿಬ್ಬರ ನಡುವೆ ನಿಂತು ನ್ಯಾಯ ಹೇಳಲು ಒಬ್ಬ ಮನುಷ್ಯ ಬೇಕಲ್ಲ, ಆ ಮನುಷ್ಯ ತಾನೇ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಊರಿನವರಿಗೂ ಇರಲಿಲ್ಲ ಅನ್ನಿ. ಹಳೆಯ ಪಿಕಪ್ ಗಾಡಿ ಕೊಳ್ಳಬೇಕೆಂದವರು ಯಾರೇ ಆಗಲಿ, ಹೆಂಡತಿಗೆ ಹೇಳುವ ಮೊದಲು ಮೇಷ್ಟ್ರಿಗೆ ಫೋನು ಮಾಡುತ್ತಿದ್ದರು.

ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಏಳನೇ ಕ್ಲಾಸಿನಲ್ಲೇ ಪುಸ್ತಕಕ್ಕೆ ಕೈಮುಗಿದು ಸ್ಪ್ಯಾನರ್ ಹಿಡಿದವರು. ನೀರಿನ ಇಲಾಖೆಯ ಪಿಕಪ್ಪನ್ನು ಮೂವತ್ತೊಂದು ವರ್ಷ ಓಡಿಸಿದರು. ಗುಡ್ಡದ ಮೇಲಿನ ಪಂಪ್‌ಹೌಸುಗಳಿಗೆ ಡೀಸೆಲ್, ಪೈಪು, ಕ್ಲೋರಿನ್ ಡಬ್ಬಿ ಹೊತ್ತೊಯ್ಯುವ ಕೆಲಸ. ನಿವೃತ್ತಿಯಾದ ಮೇಲೆ ಗಾಡಿಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡತೊಡಗಿದ್ದರಿಂದ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತು. ಎಂಜಿನ್ನಿಗೆ ನಲವತ್ತು, ಗೇರು ಮತ್ತು ಫೋರ್ ವೀಲಿಗೆ ಮೂವತ್ತು, ಚಾಸಿ ಮತ್ತು ಅಡಿಯ ಸ್ಪ್ರಿಂಗ್ ಪಟ್ಟಾಗಳಿಗೆ ಇಪ್ಪತ್ತು, ಉಳಿದ ಹತ್ತು ಮಾಲೀಕನ ಮುಖಕ್ಕೆ. ಮೂವತ್ತೈದು ಬಂದರೆ ಪಾಸು. ಮುಖಕ್ಕೇಕೆ ಅಂಕ ಎಂದು ಯಾರಾದರೂ ಕೇಳಿದರೆ, "ಎಂಜಿನ್ ಆಯಿಲ್ ಯಾವಾಗ ಬದಲಾಯಿಸಿದ್ರಿ ಅಂತ ಒಂದು ಸಲ ಕೇಳಿ ನೋಡಪ್ಪ, ಮುಖದಲ್ಲೇ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಪರೀಕ್ಷೆಗೆ ಕರೆದರೆ ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಹಾಜರು. ಬಂದವರೇ ಯಾರಿಗೂ ನಮಸ್ಕಾರವನ್ನೂ ಹೇಳದೆ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಿದ್ದರು. ತಣ್ಣಗಿದ್ದರೆ ಸರಿ. ಬೆಚ್ಚಗಿದ್ದರೆ, "ಬೆಳಿಗ್ಗೆ ಬೆಳಿಗ್ಗೆ ಇದಕ್ಕೆ ಜ್ವರ ಯಾಕೆ ಬಂತು?" ಎಂದು ಮಾಲೀಕನನ್ನು ಕೇಳುತ್ತಿದ್ದರು. ಸರಿಯಾಗಿ ಸ್ಟಾರ್ಟ್ ಆಗದ ಎಂಜಿನ್ನನ್ನು ಮೊದಲೇ ಬಿಸಿ ಮಾಡಿ ತಂದು ನಿಲ್ಲಿಸುವ ಕಳ್ಳಾಟ ಅವರಿಗೆ ಹೊಸದಲ್ಲ. ಆಮೇಲೆ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ದಂಡ, ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ನೀರು ಒಳಗೆ ಹೋಗಿದೆ, ಅಂಥ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಬೇಡ.

ಅವರ ಅಭಿಪ್ರಾಯಗಳಿಗೆ ಕೊನೆಯಿರಲಿಲ್ಲ. ಅಂಗಡಿಯವನು ಹೊಸ ಗಾಡಿ ತೋರಿಸಿ, "ನೂರೈವತ್ತು ಕುದುರೆ ಶಕ್ತಿ ಇದೆ ಮೇಷ್ಟ್ರೇ" ಎಂದರೆ, "ಕುದುರೆ ಮೆರವಣಿಗೆಗೆ ಬೇಕಪ್ಪ, ಏರಿಗೆ ಎತ್ತು ಬೇಕು" ಎಂದುಬಿಡುವರು. ಮೇಲೆ ಹೋದಷ್ಟೂ ಕಿರುಚುವ ಎಂಜಿನ್ ಅವರಿಗೆ ಆಗದು. ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲಿಟ್ಟೂ ಇಡದ ಹಾಗೆ, ಗೊಣಗುತ್ತಾ ಗೊಣಗುತ್ತಾ ಹತ್ತುವುದೇ ಎಂಜಿನ್ನು. ಮುಂದೆ ಹೊಳೆಯುವ ಬಂಪರ್, ಮೇಲೆ ಆರು ದೀಪ, ಕೆಳಗೆ ನೋಡಿದರೆ ಸವೆದ ಟೈರು, ಅಂಥದ್ದನ್ನು ಕಂಡರೆ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎನ್ನುವರು. ಖಾಲಿ ಗಾಡಿಯನ್ನು ಏರು ಹತ್ತಿಸಿ ಮೆಚ್ಚಿಕೊಳ್ಳುವವರೆಂದರೆ ಅವರಿಗೆ ನಗು. ಪಿಕಪ್ಪಿನ ಹಿಂದುಗಡೆ ಖಾಲಿ ಇದ್ದರೆ ಹಗುರ, ಹಿಂದಿನ ಚಕ್ರ ನೆಲ ಕಚ್ಚುವುದಿಲ್ಲ, ಆರು ಮೂಟೆ ಮರಳು ಹಾಕಿ ನೋಡಬೇಕು. ಹತ್ತುವುದನ್ನು ಯಾರು ಬೇಕಾದರೂ ಹತ್ತುತ್ತಾರೆ, ಬ್ರೇಕ್ ಮುಟ್ಟದೆ ಗೇರಿನ ಹಿಡಿತದಲ್ಲೇ ಇಳಿಯುವವನು ಡ್ರೈವರು.

ಇದಕ್ಕೆಲ್ಲ ಅವರು ಒಂದು ಕಪ್ ಚಹಾ ಬಿಟ್ಟರೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅರ್ಧ ಗಂಟೆಯ ಕೆಲಸವನ್ನು ಮಧ್ಯಾಹ್ನದವರೆಗೆ ಎಳೆಯುತ್ತಿದ್ದರು. ನೋಡಿದ ಪಟ್ಟಾವನ್ನೇ ಮತ್ತೆ ಬಗ್ಗಿ ನೋಡುವುದು, ಮುಗಿದ ಮಾತನ್ನೇ ಮತ್ತೆ ಮೊದಲಿಂದ ಹೇಳುವುದು. ಕೆಲಸದ ಮೇಲಿನ ಶ್ರದ್ಧೆ ಎಂದು ಜನ ತಿಳಿದಿದ್ದರು. ಶ್ರದ್ಧೆಯೂ ಇತ್ತು, ಇಲ್ಲ ಎನ್ನುವಂತಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವರಿಗೆ ಮನೆಗೆ ಹೋಗಲು ಮನಸ್ಸಿರಲಿಲ್ಲ.

ಮನೆಯೆಂದರೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ. ಫೋನಿಗೆ ಸಿಗ್ನಲ್ ಸಿಗುವುದು ಅಡುಗೆಕೋಣೆಯ ಕಿಟಕಿಯಲ್ಲಿ ಮಾತ್ರ, ಆದ್ದರಿಂದ ಫೋನು ಅಲ್ಲೇ ವಾಸ, ಅದರ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಮೇಷ್ಟ್ರು. ಮಕ್ಕಳಿರಲಿಲ್ಲ. ತಮ್ಮನೊಬ್ಬ ಇದ್ದ, ವರ್ಷಕ್ಕೊಮ್ಮೆ ಆರೋಗ್ಯ ಕೇಳಿ ಉತ್ತರ ಬರುವ ಮೊದಲೇ ಫೋನಿಡುತ್ತಿದ್ದ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಗಾಡಿ ಮಾರುವವರು, ಕೊಳ್ಳುವವರು ಇಲ್ಲದಿದ್ದರೆ ಆ ಫೋನು ಹೊಡೆದುಕೊಳ್ಳುವ ಕಾರಣವೇ ಇರಲಿಲ್ಲ.

ಆ ಹೆಂಡತಿಯೂ ನೀರಿನ ಇಲಾಖೆಯವಳೇ. ಪಂಪ್‌ಹೌಸುಗಳ ನೀರನ್ನು ಸೀಸೆಗಳಲ್ಲಿ ತುಂಬಿ ತಂದು ಪರೀಕ್ಷೆ ಮಾಡುವ ಕೆಲಸ. ಸೀಸೆಗಳ ಮರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮೇಷ್ಟ್ರ ಎಡಗಡೆಯ ಸೀಟಿನಲ್ಲಿ ಕೂತವಳು, ಮೊದಲು ಸಹೋದ್ಯೋಗಿಯಾಗಿ ಆಮೇಲೆ ಹೆಂಡತಿಯಾಗಿ, ಇಪ್ಪತ್ತಾರು ವರ್ಷ ಅಲ್ಲೇ ಕೂತಿದ್ದಳು. "ನಮ್ಮ ಸಂಸಾರ ನಡೆದದ್ದೇ ಎರಡನೇ ಗೇರಿನಲ್ಲಿ" ಎಂದು ನಗುತ್ತಿದ್ದಳು. ಗಾಡಿಯ ವಿಷಯದಲ್ಲಿ ಅವಳಿಗೂ ಅಭಿಪ್ರಾಯಗಳಿದ್ದವು, ಮತ್ತು ಅವು ಸಾಮಾನ್ಯವಾಗಿ ಸರಿಯಾಗಿರುತ್ತಿದ್ದವು. ಕ್ಲಚ್ಚು ಸುಟ್ಟ ವಾಸನೆ ಮೇಷ್ಟ್ರ ಮೂಗಿಗಿಂತ ಮೊದಲು ಅವಳ ಮೂಗಿಗೆ ಬರುತ್ತಿತ್ತು. "ರೀ, ಕಾಲು ತೆಗೀರಿ ಅದರ ಮೇಲಿಂದ" ಎನ್ನುತ್ತಿದ್ದಳು.

ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಆ ಕಾಲದ ಫೋರ್ ವೀಲ್ ಗಾಡಿಗಳಲ್ಲಿ ಒಳಗೆ ಕೂತು ಏರಿಗೆಂದೇ ಇರುವ ಸಣ್ಣ ಗೇರು ಎಳೆದರಷ್ಟೇ ಸಾಲದು. ಏರಿನ ಬುಡದಲ್ಲಿ ನಿಲ್ಲಿಸಿ, ಕೆಳಗಿಳಿದು, ಮುಂದಿನ ಎರಡು ಚಕ್ರಗಳಲ್ಲಿ ಒಂದೊಂದರ ನಟ್ಟನಡುವೆ ಇರುವ ಹಬ್ಬುಗಳನ್ನು ಡಬ್ಬಿಯ ಮುಚ್ಚಳದಂತೆ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಎರಡನ್ನೂ ಮಾಡಬೇಕು. ಒಂದನ್ನು ಬಿಟ್ಟರೆ ಎಂಜಿನ್ನಿನ ಬಲವೆಲ್ಲ ಬಿಟ್ಟ ಕಡೆಯೇ ಪೋಲಾಗುತ್ತದೆ, ಮುಂದಿನ ಚಕ್ರಗಳೆರಡೂ ಸುಮ್ಮನೆ ನಿಲ್ಲುತ್ತವೆ. ಬಲಗಡೆಯದು ಮೇಷ್ಟ್ರದು, ಎಡಗಡೆಯದು ಅವಳದು. ಹೀಗೆಂದು ಯಾರೂ ಯಾರಿಗೂ ಹೇಳಿದ್ದಿಲ್ಲ, ಇಳಿಯುವ ಬಾಗಿಲಿನ ಪ್ರಕಾರ ಕೆಲಸ ತಾನಾಗಿಯೇ ಹಂಚಿಹೋಗಿತ್ತು. ಇಬ್ಬರೂ ಇಳಿಯುತ್ತಿದ್ದರು, ತಿರುಗಿಸುತ್ತಿದ್ದರು, ಹತ್ತುತ್ತಿದ್ದರು. ದಿನಕ್ಕೆ ನಾಲ್ಕೈದು ಸಲ, ಇಪ್ಪತ್ತಾರು ವರ್ಷ.

ಈಗಿನ ಗಾಡಿಗಳಿಗೆ ಆ ತಾಪತ್ರಯವಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಒಂದು ಗುಂಡಿ ಇರುತ್ತದೆ, ತಿರುಗಿಸಿದರೆ ಆಯಿತು. ಹೆಂಡತಿ ಹೋದ ಮೇಲೆ ಮೇಷ್ಟ್ರು ನೋಡಿದ ಗಾಡಿಗಳೆಲ್ಲ ಗುಂಡಿಯವೇ. ಅವುಗಳ ಬಗ್ಗೆ ಅವರಿಗೆ ಗೌರವ ಅಷ್ಟಕ್ಕಷ್ಟೇ. ಆದ್ದರಿಂದ ಸಸಿಗಳ ನರ್ಸರಿ ನಡೆಸುವ ಹೆಂಗಸು ತನ್ನ ಇಪ್ಪತ್ತು ವರ್ಷದ ಹಳೆಯ ಪಿಕಪ್ಪನ್ನು ಮಾರುತ್ತಾಳೆ, ಅದಕ್ಕೆ ಕೈಯಿಂದ ತಿರುಗಿಸುವ ಹಬ್ಬುಗಳಿವೆ ಎಂದು ಕೇಳಿದಾಗ ಮೇಷ್ಟ್ರು ಹಿಂದಿನ ದಿನವೇ ಗಡ್ಡ ಮಾಡಿಸಿಕೊಂಡರು.

ಕೊಳ್ಳಬೇಕೆಂದಿದ್ದವನು ಹಾಲಿನವನು. ಗುಡ್ಡದ ಮನೆಗಳಿಂದ ಹಾಲು ಸಂಗ್ರಹಿಸಿ ತರುವವನು. ನರ್ಸರಿಯಮ್ಮನಿಗೆ ಮಾರುವ ಆತುರವಿತ್ತು. ಅವಳ ನರ್ಸರಿ ಗುಡ್ಡ ಬಿಟ್ಟು ಕೆಳಗಿನ ಬಯಲಿಗೆ ಬಂದಿತ್ತು, ಇನ್ನು ಅವಳಿಗೆ ಏರು ಹತ್ತುವ ಗಾಡಿ ಬೇಡ, ಸಸಿಗಳನ್ನು ಮನೆಮನೆಗೆ ಮುಟ್ಟಿಸುವ ಚಿಕ್ಕ ವ್ಯಾನು ಬೇಕು. ಅದೂ ಸಸಿ ನೆಡುವ ಹಂಗಾಮು ಶುರುವಾಗುವುದರೊಳಗೆ. ಪಿಕಪ್ಪು ಹೋದರೆ ವ್ಯಾನು, ಇಲ್ಲದಿದ್ದರೆ ಮೂರು ಸಾವಿರ ಸಸಿಗಳು ಬುಟ್ಟಿಯಲ್ಲೇ ಬೇರು ಸುತ್ತಿಕೊಂಡು ಒಣಗುತ್ತವೆ.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷೆ. ಬಾನೆಟ್ಟು ತಣ್ಣಗಿತ್ತು. ಎಂಜಿನ್ನು ಒಂದೇ ಸಲಕ್ಕೆ ಎದ್ದಿತು, ಹೊಗೆಯಲ್ಲಿ ಬಣ್ಣವೇ ಇರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದರು. ಅದೇ ಗೊಣಗಾಟ. ಅವರ ಇಲಾಖೆಯ ಗಾಡಿಯದೇ ಎಂಜಿನ್ನು. "ಎಷ್ಟು ದಿನ ಆಗಿತ್ತಪ್ಪ ಈ ಸದ್ದು ಕೇಳಿ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಆರು ಮೂಟೆ ಮರಳು ಹೇರಿಸಿಕೊಂಡು, ಹಾಲಿನವನನ್ನು ಎಡಗಡೆ ಕೂರಿಸಿಕೊಂಡು, ಊರಾಚೆಯ ಹಳೆಯ ಕಲ್ಲುಗಣಿಯ ಏರಿಗೆ ಹೋದರು. ಅಲ್ಲಿ ಕಾಲಿಟ್ಟರೆ ಜಾರುವ ಸಡಿಲ ಜಲ್ಲಿ. ಈ ವ್ಯಾಪಾರ ಕುದುರಿಸುತ್ತಿದ್ದ ಗಾಡಿ ದಲ್ಲಾಳಿಯೂ ನರ್ಸರಿಯಮ್ಮನೂ ಹಿಂದೆ ಸ್ಕೂಟರಿನಲ್ಲಿ ಬಂದು ಬದಿಯಲ್ಲಿ ನಿಂತರು. ಮೇಷ್ಟ್ರು ಏರಿನ ಬುಡದಲ್ಲಿ ನಿಲ್ಲಿಸಿದರು. ಇಳಿದರು. ಬಲಗಡೆಯ ಹಬ್ಬು ತಿರುಗಿಸಿದರು. ಅದು ಟಕ್ಕೆಂದು ಕೂತ ಸದ್ದು ಅಂಗೈಗೆ ತಾಕಿದಾಗ ಎದೆ ತುಂಬಿ ಬಂತು. ಹತ್ತಿ ಕೂತರು, ಸಣ್ಣ ಗೇರು ಎಳೆದರು, ಕ್ಲಚ್ಚು ಬಿಟ್ಟರು. ಹಾಲಿನವನು ಎಡಗಡೆ ಕೂತು ಫೋನಿನಲ್ಲಿ ಯಾರೊಂದಿಗೋ ಹಾಲಿನ ಲೆಕ್ಕ ಮಾತಾಡುತ್ತಿದ್ದ.

ಅರ್ಧ ಏರಿನಲ್ಲಿ ಹಿಂದಿನ ಚಕ್ರಗಳು ಜಲ್ಲಿಯನ್ನು ಎರಚತೊಡಗಿದವು. ಗಾಡಿ ಒಂದಿಂಚೂ ಮೇಲೆ ಹೋಗಲಿಲ್ಲ. "ಮುಂದಿನ ಚಕ್ರ ಸುಮ್ನೆ ನಿಂತಿದೆ ಮೇಷ್ಟ್ರೇ!" ಎಂದು ದಲ್ಲಾಳಿ ಕೂಗಿದ. ಮತ್ತೊಮ್ಮೆ ಪ್ರಯತ್ನಿಸಿದರು. ಮೂರನೇ ಸಲವೂ ಅಷ್ಟೇ.

ಇಳಿದು ಬಂದು ಕೈ ಕೊಡವಿದರು. "ಮುಂದಿನ ಆಕ್ಸಲ್ ಒಳಗೇ ಕೆಟ್ಟುಹೋಗಿದೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂದ ಹಾಗಾಗಿದೆ. ಇಪ್ಪತ್ತೆಂಟು ಅಂಕ. ಬೇಡಪ್ಪ." ಎಂಜಿನ್ನಿಗೆ ಅಷ್ಟೂ ನಲವತ್ತು ಕೊಡಬೇಕೆಂದಿದ್ದವರು, ಮೋಸ ಹೋದವರ ಸಿಟ್ಟಿನಲ್ಲಿ ಅದರಿಂದಲೂ ಕಡಿದಿದ್ದರು. ಹಾಲಿನವನು ಅಲ್ಲಿಂದಲೇ ದಲ್ಲಾಳಿಯ ಸ್ಕೂಟರ್ ಹತ್ತಿದ. ನರ್ಸರಿಯಮ್ಮ ಮೇಷ್ಟ್ರ ಮಾತನ್ನೇ ನಂಬಿದಳು. ಅವಳಿಗೆ ಗಾಡಿಯ ಗಂಧಗಾಳಿ ಇಲ್ಲ, ಓಡಿಸುತ್ತಿದ್ದ ಡ್ರೈವರು ಕೆಲಸ ಬಿಟ್ಟು ವರ್ಷವಾಗಿತ್ತು.

ಮೇಷ್ಟ್ರು ಫೇಲ್ ಮಾಡಿದ ಗಾಡಿ ಎಂಬ ಸುದ್ದಿ ಊರೆಲ್ಲ ಹರಡಿತು. ನೋಡಲು ಬರುತ್ತೇವೆ ಎಂದಿದ್ದ ಇನ್ನಿಬ್ಬರು ಬರಲಿಲ್ಲ.

ಹತ್ತು ದಿನ ಕಳೆದ ಮೇಲೆ ನರ್ಸರಿಯಮ್ಮ ಮೇಷ್ಟ್ರ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಒಂದು ಪೆನ್ನು, ಬೀಜದ ಖಾಲಿ ಪೊಟ್ಟಣ. ಮೇಷ್ಟ್ರು ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿದರು, ಚಹಾಕ್ಕಿಟ್ಟರು. ಮನೆಗೆ ಜನ ಬಂದು ಎಷ್ಟೋ ತಿಂಗಳಾಗಿತ್ತು.

"ಮೆಕ್ಯಾನಿಕ್ಕು ಎರಡು ದಿನ ಬಿಚ್ಚಿ ನೋಡ್ದ ಮೇಷ್ಟ್ರೇ. ಎಲ್ಲ ಸರಿ ಇದೆ ಅಂದ. ನೀವು ಫೇಲ್ ಮಾಡಿದ್ದು ಅಂತ ಹೇಳ್ದೆ ನೋಡಿ, ಗಪ್‌ಚುಪ್ ಆಗ್ಬಿಟ್ಟ. ಹಾಗಾದ್ರೆ ನನ್ನ ಕಣ್ಣಿಗೆ ಕಾಣದ್ದು ಒಳಗೆ ಏನೋ ಇರ್ಬೇಕು ಅಂದ. ಏರಿಗೆ ಒಯ್ದು ನೋಡೋಕೂ ಹೆದರ್ದ."

ಮೇಷ್ಟ್ರಿಗೆ ಒಳಗೊಳಗೇ ಹಿಗ್ಗಾಯಿತು. ಮೆಕ್ಯಾನಿಕ್ಕಿನ ಕಣ್ಣಿಗಿಂತ ತನ್ನ ಮಾತು ದೊಡ್ಡದು.

"ಶನಿವಾರ ಗುಜರಿಯವನು ಬರ್ತಾನೆ. ತುಂಡು ಮಾಡಿ ತೂಕಕ್ಕೆ ಹಾಕ್ತಾನಂತೆ. ಅಷ್ಟರಲ್ಲಿ ರಿಪೇರಿ ಆದ್ರೆ ಸರಿ. ಅವತ್ತು ನೀವು ಏನೇನು ಮಾಡಿದ್ರಿ, ಒಂದೊಂದಾಗಿ ಹೇಳಿ, ಬರ್ಕೊಂಡು ಮೆಕ್ಯಾನಿಕ್‌ಗೆ ಕೊಡ್ತೀನಿ."

ಮೇಷ್ಟ್ರು ಸಂತೋಷದಿಂದ ಶುರು ಮಾಡಿದರು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ಸ್ಟಾರ್ಟ್ ಮಾಡಿದೆ. ಹೊಗೆ ನೋಡಿದೆ. ಆರು ಮೂಟೆ ಹಾಕಿಸಿದೆ. ಏರಿನ ಬುಡದಲ್ಲಿ ನಿಲ್ಲಿಸಿದೆ. ಇಳಿದೆ. ಅವಳ ಪೆನ್ನು ಪೊಟ್ಟಣದ ಹಿಂದೆ ಗೀಚುತ್ತಾ ಹೋಯಿತು.

"ಬಲಗಡೆಯ ಹಬ್ಬು ತಿರುಗಿಸಿ ಲಾಕ್ ಮಾಡಿದೆ. ಎಡಗಡೆ..."

ಮಾತು ಅಲ್ಲೇ ನಿಂತಿತು. ಎಡಗಡೆ ಯಾರೂ ಇಳಿದಿರಲಿಲ್ಲ. ಎಡಗಡೆ ಹಾಲಿನವನು ಫೋನಿನಲ್ಲಿ ಮಾತಾಡುತ್ತಾ ಕೂತಿದ್ದ.

"ಎಡಗಡೆ?" ಎಂದಳು ನರ್ಸರಿಯಮ್ಮ, ಪೆನ್ನು ಎತ್ತಿ ಹಿಡಿದು.

"ಎಡಗಡೆಯದನ್ನೂ ತಿರುಗಿಸಿದೆ" ಎಂದರು ಮೇಷ್ಟ್ರು.

ಅವಳು ಅದನ್ನೂ ಬರೆದುಕೊಂಡಳು. ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು, "ನಿಮಗೆ ತೊಂದ್ರೆ ಕೊಟ್ಟೆ" ಎಂದು ಹೇಳಿ ಹೋದಳು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಬೇರೆ ಡ್ರೈವರುಗಳನ್ನು ಜೀವನವಿಡೀ ಗೇಲಿ ಮಾಡಿದ್ದ ಮನುಷ್ಯ ಆ ದಿನ ಸ್ಟೂಲಿನಿಂದ ಏಳಲಿಲ್ಲ. ತಪ್ಪಾದದ್ದು ಹೇಗೆಂದು ಯೋಚಿಸಬೇಕಾಗಿಯೇ ಇರಲಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ಕೈಯಲ್ಲಿ ಕೂತಿದೆ, ಕೈ ಬಲಗಡೆಯದನ್ನು ತಿರುಗಿಸಿ ತನ್ನ ಕೆಲಸ ಮುಗಿಯಿತು ಅಂದುಕೊಂಡಿತು. ಅವರನ್ನು ಸುಡುತ್ತಿದ್ದದ್ದು ಆಮೇಲೆ ಹೇಳಿದ ಒಂದು ಮಾತು. ಮರೆತದ್ದು ಕೈ, ಸುಳ್ಳು ಹೇಳಿದ್ದು ಬಾಯಿ.

ಆದರೂ ಹೇಳಿಬಿಡುವುದು ಸುಲಭವೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಬ್ಬು ತಿರುಗಿಸಲು ಮರೆತು ಆಕ್ಸಲ್ ಸತ್ತಿದೆ ಅಂದ ಮುದುಕನನ್ನು ಇನ್ನು ಯಾರು ಕರೆಯುತ್ತಾರೆ? ಫೋನು ಸುಮ್ಮನಾಗುತ್ತದೆ. ಬೆಳಿಗ್ಗೆ ಎದ್ದು ಹೋಗಲು ಜಾಗವಿರುವುದಿಲ್ಲ. ಮೇಷ್ಟ್ರಿಗೆ ಹೆದರಿಕೆಯಾಯಿತು, ಮರ್ಯಾದೆ ಹೋಗುತ್ತದೆ ಎಂದಲ್ಲ, ಮನುಷ್ಯರೇ ಇಲ್ಲವಾಗುತ್ತಾರೆ ಎಂದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶನಿವಾರ ಗಾಡಿ ತುಂಡಾಗುತ್ತದೆ, ತುಂಡಾದ ಗಾಡಿ ಸಾಕ್ಷಿ ಹೇಳುವುದಿಲ್ಲ.

ಗುರುವಾರ ಒಬ್ಬ ಬಣ್ಣದಂಗಡಿಯವನು ಕರೆದ. ಗುಂಡಿ ತಿರುಗಿಸುವ ಹೊಸ ಗಾಡಿ. ಮೇಷ್ಟ್ರು ಹೋದರು, ಬಾನೆಟ್ಟು ಮುಟ್ಟಿದರು, ಕುದುರೆ ಎತ್ತುಗಳ ಮಾತನ್ನೂ ಹೇಳಿದರು. ಬಣ್ಣದಂಗಡಿಯವನು ಬಾಯಿ ಬಿಟ್ಟುಕೊಂಡು ಕೇಳಿದ. ಅಂಕ ಕೊಡುವ ಹೊತ್ತಿಗೆ ನಾಲಿಗೆ ಏಳಲಿಲ್ಲ. "ನಿಮಗೆ ಸರಿ ಅನ್ನಿಸಿದ್ರೆ ತಗೊಳ್ಳಿ" ಎಂದು ಹೇಳಿ ಬಸ್ಸು ಹತ್ತಿದರು.

ಶುಕ್ರವಾರ ಅವರಿಗೆ ಒಂದು ಉಪಾಯ ಹೊಳೆಯಿತು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥದ್ದು. ಹೋಗಿ, ಗಾಡಿಯ ಅಡಿಯಲ್ಲಿ ಅರ್ಧ ಗಂಟೆ ಮಲಗಿ, ಸ್ಪ್ಯಾನರಿನಿಂದ ಒಂದಿಷ್ಟು ಟಣ್ ಟಣ್ ಎನ್ನಿಸಿ, "ಸಿಕ್ಕಿತು, ಸರಿ ಮಾಡಿದೆ" ಎಂದು ಏರು ಹತ್ತಿಸಿಬಿಡುವುದು. ಗಾಡಿಯೂ ಉಳಿಯುತ್ತದೆ, ಮೇಷ್ಟ್ರ ಹೆಸರು ಇನ್ನೂ ಎರಡು ಗೇಣು ಮೇಲೇರುತ್ತದೆ. ಅವರು ನಿಜವಾಗಿಯೂ ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕಿಕೊಂಡರು. ಎಲ್ಲರಿಗೂ ತಾವೇ ಫೋನು ಮಾಡಿದರು. ಬೆಳಿಗ್ಗೆ ಒಂಬತ್ತಕ್ಕೆ ಕಲ್ಲುಗಣಿಗೆ ಬನ್ನಿ.

ಶನಿವಾರ ಹಾಲಿನವನು, ದಲ್ಲಾಳಿ, ಮೆಕ್ಯಾನಿಕ್ಕು, ನರ್ಸರಿಯಮ್ಮ ಎಲ್ಲರೂ ಬಂದಿದ್ದರು. ಗುಜರಿಯವನೂ ತನ್ನ ಲಾರಿಯೊಂದಿಗೆ ಬಂದು, ನಡೆದರೆ ಗಾಡಿ, ನಡೆಯದಿದ್ದರೆ ಕಬ್ಬಿಣ ಎಂಬಂತೆ ಬೀಡಿ ಹಚ್ಚಿ ನಿಂತಿದ್ದ. ಮೇಷ್ಟ್ರು ಚೀಲ ಹಿಡಿದು ಗಾಡಿಯ ಕೆಳಗೆ ನುಸುಳಿದರು. ಮೇಲೆ ಆಕ್ಸಲ್ಲು ಸ್ವಚ್ಛವಾಗಿ, ಮೆಕ್ಯಾನಿಕ್ಕು ಒರೆಸಿಟ್ಟ ಹಾಗೇ ಇತ್ತು. ಸ್ಪ್ಯಾನರು ಕೈಗೆತ್ತಿಕೊಂಡರು. ಮಾಡಲು ಕೆಲಸವಿಲ್ಲದ ಕಡೆ ಸದ್ದು ಮಾಡುವುದಕ್ಕೆ ಅವರ ಕೈ ಒಪ್ಪಲಿಲ್ಲ. ಎರಡು ನಿಮಿಷ ಹಾಗೇ ಮಲಗಿದ್ದು ಹೊರಗೆ ಬಂದರು.

ಬಲಗಡೆಯ ಹಬ್ಬು ತಿರುಗಿಸಿದರು. ಆಮೇಲೆ ಗಾಡಿಯ ಮುಂದೆ ಸುತ್ತಿಕೊಂಡು ಎಡಗಡೆಗೆ ಹೋಗಿ, ಮೊಣಕಾಲೂರಿ, ಅದನ್ನೂ ತಿರುಗಿಸಿದರು. ಗಾಡಿಯ ಮುಂದೆ ಸುತ್ತಿ ಹೋದದ್ದು ಬರೀ ನಾಲ್ಕು ಹೆಜ್ಜೆ.

ಗಾಡಿ ಗೊಣಗುತ್ತಾ ಏರು ಹತ್ತಿತು. ಜಲ್ಲಿಯ ಒಂದು ಕಲ್ಲೂ ಹಾರಲಿಲ್ಲ. ತುದಿಯಲ್ಲಿ ತಿರುಗಿಸಿ, ಬ್ರೇಕ್ ಮುಟ್ಟದೆ ಇಳಿಸಿಕೊಂಡು ಬಂದರು.

"ಏನ್ ಕೈಗುಣ ಮೇಷ್ಟ್ರೇ ನಿಮ್ದು!" ಎಂದ ಹಾಲಿನವನು. "ಎರಡೇ ನಿಮಿಷಕ್ಕೆ ರಿಪೇರಿ!"

ಸುಮ್ಮನಿದ್ದರೆ ಸಾಕಿತ್ತು. ಬಾಯಿ ಬಿಡಬೇಕಾಗಿಯೂ ಇರಲಿಲ್ಲ.

"ರಿಪೇರಿ ಏನೂ ಮಾಡಿಲ್ಲಪ್ಪ. ಗಾಡಿಗೆ ಏನೂ ಆಗಿರ್ಲಿಲ್ಲ. ಅವತ್ತು ನಾನು ಎಡಗಡೆ ಹಬ್ಬು ತಿರುಗಿಸೋದು ಮರೆತೆ. ಇಪ್ಪತ್ತಾರು ವರ್ಷ ಅದನ್ನ ನನ್ನ ಹೆಂಡತಿ ತಿರುಗಿಸ್ತಿದ್ದಳು. ಅವಳು ಹೋಗಿ ಎರಡು ವರ್ಷ ಆಯ್ತು. ನನ್ನ ಕೈಗೆ ಇನ್ನೂ ಗೊತ್ತಾಗಿಲ್ಲ."

ದಲ್ಲಾಳಿ ಸುಮ್ಮನಿರಲಾರದೆ, "ಹಾಗಾದ್ರೆ ಮೇಷ್ಟ್ರೇ ಫೇಲು!" ಎಂದ. ಗುಜರಿಯವನು ನಕ್ಕ. ಹಾಲಿನವನೂ ಸ್ವಲ್ಪ ನಕ್ಕು ಕೆಮ್ಮಿದ. ಮೆಕ್ಯಾನಿಕ್ಕು ನಗಲಿಲ್ಲ. "ಎರಡು ದಿನ ಅಡಿಯಲ್ಲಿ ಮಲಗಿದ್ದೆ ನಾನು. ನನಗೇ ಏನೂ ಬರಲ್ಲ ಅಂದ್ಕೊಂಡ್ಬಿಟ್ಟಿದ್ದೆ" ಎಂದು ನೆಲ ನೋಡಿಕೊಂಡು ಹೇಳಿದ.

ನರ್ಸರಿಯಮ್ಮ ಚೀಲದಿಂದ ಬೀಜದ ಪೊಟ್ಟಣ ತೆಗೆದಳು. "ಎಡಗಡೆಯದನ್ನೂ ತಿರುಗಿಸಿದೆ ಅಂತ ಬರೆಸಿದ್ರಲ್ಲ?"

"ಸುಳ್ಳು ಹೇಳ್ದೆ ಕಣಮ್ಮ. ನೀವು ಕೇಳ್ದಾಗಲೇ ಗೊತ್ತಾಗಿತ್ತು."

"ಮರೆತದ್ದಕ್ಕೆ ನನಗೇನೂ ಬೇಜಾರಿಲ್ಲ ಮೇಷ್ಟ್ರೇ" ಎಂದಳು ಅವಳು. "ಬರೆಸಿದ್ರಲ್ಲ, ಅದಕ್ಕೆ." ಪೊಟ್ಟಣವನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

ಹಾಲಿನವನು ಅಂದೇ ಗಾಡಿ ಕೊಂಡ. ಸೋಮವಾರ ನರ್ಸರಿಯ ಮುಂದೆ ಚಿಕ್ಕ ವ್ಯಾನು ಬಂದು ನಿಂತಿತು, ಸಸಿಗಳು ಹೊರಟವು. ಎಲ್ಲರ ಕೆಲಸವೂ ಆಯಿತು. ಮೇಷ್ಟ್ರ ಫೋನು ಮಾತ್ರ ಅವರು ಅಂದುಕೊಂಡಂತೆಯೇ ಸುಮ್ಮನಾಯಿತು. ಜನ ಕೆಟ್ಟವರೇನಲ್ಲ, ದಾರಿಯಲ್ಲಿ ಸಿಕ್ಕರೆ ಚೆನ್ನಾಗಿದ್ದೀರಾ ಎನ್ನುತ್ತಿದ್ದರು. ಗಾಡಿ ನೋಡಲು ಮಾತ್ರ ಮೆಕ್ಯಾನಿಕ್ಕನ್ನು ಕರೆಯತೊಡಗಿದರು. ಅವನು ಅದಕ್ಕೆ ಯೋಗ್ಯನೂ ಆಗಿದ್ದ. ಮೇಷ್ಟ್ರು ಒಂದೆರಡು ಸಲ ಫೋನು ಕೆಟ್ಟಿದೆಯೇನೋ ಎಂದು ಅಂಗಡಿಗೆ ಒಯ್ದರು. ಕೆಟ್ಟಿರಲಿಲ್ಲ.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಚಹಾದಂಗಡಿಯ ಮುಂದೆ ಆ ಪಿಕಪ್ಪು ನಿಂತಿತ್ತು. ಹಾಲಿನವನು ಲೋಟ ಹಿಡಿದು ಒರಗಿ ನಿಂತಿದ್ದ. ಮೇಷ್ಟ್ರನ್ನು ಕಂಡು ಪ್ರೀತಿಯಿಂದಲೇ ಮಾತಾಡಿಸಿದ. ಗಾಡಿ ಬಂಗಾರದಂಥದ್ದು ಮೇಷ್ಟ್ರೇ, ಎಂಜಿನ್ನು ಅಂದ್ರೆ ಅದು. ಒಂದೇ ಬೇಜಾರು. "ದಿನಾ ಐದು ಕಡೆ ಏರು. ಪ್ರತಿ ಸಲ ಇಳಿದು ಈ ಕಡೆ ತಿರುಗಿಸು, ಆ ಕಡೆ ಹೋಗಿ ತಿರುಗಿಸು, ಕೆಸರಲ್ಲಿ ಒದ್ದಾಡು. ಯಾವಾಗ್ಲೂ ಲಾಕ್ ಮಾಡೇ ಬಿಟ್ಬಿಡ್ಲಾ?"

"ಬೇಡಪ್ಪ" ಎಂದರು ಮೇಷ್ಟ್ರು. ಒಂದು ತಿಂಗಳಿಂದ ಯಾರೂ ಕೇಳಿರದ ಅಭಿಪ್ರಾಯ, ಸಂತೋಷದಿಂದಲೇ ಕೊಟ್ಟರು. "ಒಳಗಿನ ಸಾಮಾನು ಸುಮ್ನೆ ಸವೀತದೆ, ಡೀಸೆಲ್ಲೂ ಜಾಸ್ತಿ ಕುಡೀತದೆ." ಆಮೇಲೆ, ಎಂದೂ ಯಾರಲ್ಲೂ ಏನೂ ಕೇಳದಿದ್ದವರು, ಚಹಾದ ಲೋಟ ನೋಡಿಕೊಂಡು ಹೇಳಿದರು: "ನನಗೆ ಬೆಳಿಗ್ಗೆ ಹೊತ್ತು ಕೆಲಸ ಏನಿಲ್ಲ. ನಿನ್ನ ಎಡಗಡೆ ಕೂತ್ಕೊಂಡು ಬರ್ತೀನಿ. ಆ ಕಡೆಯದನ್ನ ನಾನು ತಿರುಗಿಸ್ತೀನಿ. ಸಂಬಳ ಗಿಂಬಳ ಏನೂ ಬೇಡ."

ಹಾಲಿನವನಿಗೆ ಮುಜುಗರವಾಯಿತು. ಕಣ್ಣು ತಪ್ಪಿಸಿ ಗಾಡಿಯ ಕಡೆ ನೋಡಿದ.

"ಎಡಗಡೆ ಸೀಟಲ್ಲಿ ಹಾಲಿನ ಕ್ಯಾನು ಇಡ್ತೀನಲ್ಲ ಮೇಷ್ಟ್ರೇ. ಜಾಗ ಆಗಲ್ಲ."

ಮೇಷ್ಟ್ರು ಕಿಟಕಿಯಲ್ಲಿ ಬಗ್ಗಿ ನೋಡಿದರು. ಸೀಟಿನ ಮೇಲೆ ಒಂದು ಕ್ಯಾನು ಇತ್ತು. ಒಂದೇ. ಪಿಕಪ್ಪಿನ ಹಿಂದುಗಡೆ ಇನ್ನೂ ಇಪ್ಪತ್ತು ಕ್ಯಾನು ಹಿಡಿಯುವಷ್ಟು ಜಾಗ ಖಾಲಿ ಬಿದ್ದಿತ್ತು. ಹಿಂದೆ ಭಾರ ಇದ್ದಷ್ಟೂ ಏರಿನಲ್ಲಿ ಚಕ್ರಕ್ಕೆ ಒಳ್ಳೆಯದು ಎಂಬುದು ಅವರ ಎಷ್ಟೋ ವರ್ಷದ ಅಭಿಪ್ರಾಯ. ಅದನ್ನು ಅವರು ಹೇಳಲಿಲ್ಲ. "ಹೌದಲ್ಲ, ಜಾಗ ಇಲ್ಲ" ಎಂದರು.